ಸೂಕ್ಷ್ಮಜೀವಿಯಿಂದಲೇ ಸೂಕ್ಷ್ಮಜೀವಿಗೆ ತಡೆ

ಬೆಸೆಂಟ್ ನಗರದ ಕಡಲತೀರದಲ್ಲಿ ಅಲೆಗಳು ಒಡೆದಾಗ ನೊರೆಯೇಳುವುದನ್ನು ನಾವೆಲ್ಲರೂ ಬಲ್ಲೆವು. ಶುದ್ಧವಾದ ನೀರನ್ನು ಎಷ್ಟು ಕಡೆದರೂ ನೊರೆ ನಿಲ್ಲದು. ಕೊಳೆತ ಪಾಚಿ ಮೊದಲಾದವುಗಳಿಂದ ಬಂದ ಕೆಲವು ದ್ರವ್ಯಗಳು ಕಡಲನೀರಿನ ಮೇಲ್ಮೈಯನ್ನು ಸೇರಿ ಅದರ ಬಿಗಿತವನ್ನು ಕಡಮೆ ಮಾಡುವುದರಿಂದ ಅಲ್ಲಿ ನೊರೆ ನಿಲ್ಲುತ್ತದೆ. ಈ ಬಿಗಿತಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಸಾಬೂನು, ಸೀಗೆಕಾಯಿ, ಅಂಟುವಾಳಗಳ ಗುಣವೂ ಅದನ್ನು ತಗ್ಗಿಸುವುದೇ.

ಇಂತಹ ದ್ರವ್ಯಗಳನ್ನು ಸೂಕ್ಷ್ಮಜೀವಿಗಳೂ ತಯಾರಿಸುತ್ತವೆ. ಮಣ್ಣಿನಲ್ಲಿಯೂ ಒಣಹುಲ್ಲಿನಲ್ಲಿಯೂ ಇರುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯದಿಂದ ದೊರೆತ ಸರ್ಫ್ಯಾಕ್ಟಿನ್ ಎಂಬ ವಸ್ತುವನ್ನು ಜಪಾನಿನ ವಿಜ್ಞಾನಿಗಳು 1968ರಲ್ಲಿ ಲೋಕಕ್ಕೆ ತಿಳಿಸಿದರು. ನೀರಿನ ಮೇಲ್ಮೈ ಎಳೆತವು ಸೆಂಟಿಮೀಟರಿಗೆ ಸುಮಾರು 72 ಡೈನ್. ಅತ್ಯಲ್ಪ ಸರ್ಫ್ಯಾಕ್ಟಿನ್ ಸೇರಿದರೆ ಅದು ಸುಮಾರು 27 ಡೈನಿಗೆ ಇಳಿಯುತ್ತದೆ.

ಇದರಿಂದ ವೈದ್ಯರಿಗೇನು ಪ್ರಯೋಜನ? ಮೂತ್ರ ಕಟ್ಟಿದ ರೋಗಿಗೆ ಕ್ಯಾಥಿಟರ್ ಎಂಬ ಕೊಳವೆಯನ್ನು ಇಡುತ್ತಾರೆ. ಗಂಟಲಿನ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವರಿಗೆ ಮಾತು ಮರಳಲೆಂದು ಸಿಲಿಕೋನಿನ ಚಿಕ್ಕ ಕವಾಟವನ್ನು ಅಳವಡಿಸುವುದುಂಟು. ಈ ರೋಗದ ಚಿಕಿತ್ಸೆಗೆಂದೇ ನಮ್ಮ ನೆರೆಯ ಅಡಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1954ರಲ್ಲಿ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು.

ಇಂತಹ ಉಪಕರಣದ ಮೇಲೆ ಮೊದಲು ಕೆಲವೇ ಸೂಕ್ಷ್ಮಜೀವಿಗಳು ಅಂಟಿಕೊಳ್ಳುತ್ತವೆ. ಬಳಿಕ ಅವು ಬೆಳೆದು, ಅಂಟಾದ ಲೋಳೆಯನ್ನು ಒಸರಿ, ಅದರೊಳಗೆ ಮನೆಮಾಡುತ್ತವೆ. ತೊಳೆಯದ ಹಲ್ಲಿನ ಮೇಲಣ ಕೊಳೆಯೂ ಇದೇ ಬಗೆಯದು. ಲೋಳೆಯೊಳಗಿನ ಜೀವಿಗಳನ್ನು ಔಷಧದಿಂದ ಕೊಲ್ಲುವುದು ಬಹು ಕಷ್ಟ. ಕ್ಯಾಥಿಟರಿನಿಂದ ಸೋಂಕು ರಕ್ತಕ್ಕೆ ಹರಡಿದರೆ ಪ್ರಾಣಕ್ಕೇ ಅಪಾಯ. ಕವಾಟದ ಮೇಲೆ ಯೀಸ್ಟ್ ಬೆಳೆದರೆ ಅದು ಸರಿಯಾಗಿ ಮುಚ್ಚದೆ, ಕುಡಿದ ನೀರು ಶ್ವಾಸನಾಳಕ್ಕೆ ಸೋರುತ್ತದೆ.

ಆದುದರಿಂದ ಮೊದಲ ಅಂಟನ್ನೇ ತಡೆಯುವುದು ಜಾಣತನ. ಸರ್ಫ್ಯಾಕ್ಟಿನ್ ಅಣುವಿನ ಒಂದು ಭಾಗ ನೀರನ್ನು ಬಯಸುತ್ತದೆ, ಇನ್ನೊಂದು ದೂರವಿಡುತ್ತದೆ. ಅದನ್ನು ಲೇಪಿಸಿದ ಮೇಲ್ಮೈಯ ಗುಣವೇ ಬದಲಾಗಿ, ಜೀವಿಗೆ ಹಿಡಿತ ಸಿಗುವುದಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸರ್ಫ್ಯಾಕ್ಟಿನ್ ಹಾಯಿಸಿದ ಕ್ಯಾಥಿಟರುಗಳಲ್ಲಿ ಸಾಲ್ಮೊನೆಲ್ಲ ಮೊದಲಾದ ಬ್ಯಾಕ್ಟೀರಿಯಗಳ ಲೋಳೆ ಕಡಮೆಯಾಯಿತು. ಹಾಲೆಂಡಿನ ಗ್ರೋನಿಂಗನ್ನಿನ ಸಂಶೋಧಕರು, ಹಾಲನ್ನು ಮೊಸರಾಗಿಸುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸಿನ ದ್ರವ್ಯದಿಂದ ಸಿಲಿಕೋನಿಗೆ ಯೀಸ್ಟ್ ಅಂಟುವುದು ತಗ್ಗುವುದನ್ನು ಕಂಡರು.

ಹಾಗಾದರೆ ಎಲ್ಲ ಆಸ್ಪತ್ರೆಗಳಲ್ಲಿಯೂ ಇದನ್ನೇಕೆ ಬಳಸಬಾರದು? ಸರ್ಫ್ಯಾಕ್ಟಿನ್ ಹೆಚ್ಚಾದರೆ ರಕ್ತದ ಕೆಂಪುಕಣಗಳೇ ಒಡೆಯುತ್ತವೆ. ತಯಾರಿಕೆಯ ವೆಚ್ಚವೂ ಹೆಚ್ಚು. ದೇಹದ್ರವಗಳ ನಡುವೆ ಲೇಪ ಬಹುಕಾಲ ನಿಲ್ಲಬೇಕು. ಈ ತೊಡಕುಗಳು ಬಗೆಹರಿಯುವವರೆಗೂ, ಅನಂತರವೂ, ಕೈಗಳ ಶುಚಿಯೇ ರೋಗಿಯ ಮೊದಲ ರಕ್ಷೆ. ರೋಗಿಯನ್ನು ನೋಡಲು ಹೋದಾಗ ನಾವು ಸಾಬೂನಿನಿಂದ ಕೈತೊಳೆದರೆ, ಇದೇ ತತ್ತ್ವವನ್ನು ಆಚರಣೆಗೆ ತಂದಂತಾಗುವುದು.