ಛಾಯಾಚಿತ್ರದಿಂದ ಹಿನ್ನೆಲೆಯನ್ನು ಬಿಡಿಸುವುದು: ಕ್ರಮ ಮತ್ತು ವಿವೇಕ

ಶಾಲೆಯ ಸಂಸ್ಮರಣ ಸಂಪುಟವೊಂದು ಸಿದ್ಧವಾಗುವಾಗ ಲೇಖನಗಳೊಡನೆ ಛಾಯಾಚಿತ್ರಗಳೂ ಸಂಪಾದಕರ ಮೇಜನ್ನು ಸೇರುತ್ತವೆ. ದಿವಂಗತರಾದ ದಾನಿಯೊಬ್ಬರ ಒಂಟಿ ಭಾವಚಿತ್ರವು ಮನೆಯಲ್ಲಿ ದೊರೆಯದೆ, ಮದುವೆಯ ಗುಂಪು ಚಿತ್ರವೊಂದೇ ಉಳಿದಿರುವುದುಂಟು. ಹಿಂದೆ ನಿಂತವರ ಹೆಗಲು, ಚಪ್ಪರದ ಕಂಬ, ಬಾಳೆಯ ಎಲೆ ಇವುಗಳ ನಡುವಿನಿಂದ ಆ ಒಂದು ಮುಖವನ್ನು ಬಿಡಿಸಿ ಅಚ್ಚಿಗೆ ಕೊಡಬೇಕಾಗುತ್ತದೆ. ಈ ಕಾರ್ಯವು ನೋಡಲು ಸುಲಭ. ಮಾಡಲು ತಾಳ್ಮೆಯನ್ನು ಬೇಡುವಂಥದು.

ಇದು ಗಣಕಯಂತ್ರದೊಡನೆ ಹುಟ್ಟಿದ ವಿದ್ಯೆಯಲ್ಲ. 1857ರಲ್ಲಿಯೇ ಆಸ್ಕರ್ ರೈಲಾಂಡರ್ ಎಂಬ ಛಾಯಾಗ್ರಾಹಕನು ಸುಮಾರು ಮೂವತ್ತು ನೆಗೆಟಿವ್‌ಗಳಿಂದ ಬೇಕಾದ ಭಾಗಗಳನ್ನಷ್ಟೇ ಆಯ್ದು ಒಂದೇ ಚಿತ್ರವನ್ನು ರಚಿಸಿದ್ದನು. ಅಚ್ಚುಮೊಳೆಯ ಕಾಲದಲ್ಲಿ ಚಿತ್ರವನ್ನು ಕತ್ತರಿಯಿಂದ ಕತ್ತರಿಸಿಯೋ, ಸುತ್ತಲೂ ಬಿಳಿಯ ಬಣ್ಣವನ್ನು ಬಳಿದೋ ಬ್ಲಾಕ್ ಮಾಡಿಸುತ್ತಿದ್ದರು. ನೋಲ್ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿಯೂ, ಉಚಿತವಾಗಿ ದೊರೆಯುವ ಗಿಂಪ್ 1996ರಲ್ಲಿಯೂ ಬಳಕೆಗೆ ಬಂದ ಮೇಲೆ ಕತ್ತರಿಯ ಸ್ಥಾನವನ್ನು ತಂತ್ರಾಂಶವು ಪಡೆಯಿತು.

ಅಂಚಿನ ಸ್ವರೂಪ

ಗಣಕಯಂತ್ರಕ್ಕೆ ಮುಖವೆಂಬುದಾಗಲಿ ಕಂಬವೆಂಬುದಾಗಲಿ ತಿಳಿಯದು. ಅದಕ್ಕೆ ಕಾಣುವುದು ಪಿಕ್ಸೆಲ್‌ಗಳೆಂಬ ಚಿಕ್ಕ ಚೌಕಗಳು ಮಾತ್ರ. ಸಾಮಾನ್ಯ ಚಿತ್ರದಲ್ಲಿ ಪ್ರತಿಯೊಂದು ಬಣ್ಣದ ಬೆಳಕನ್ನು 0ಯಿಂದ 255ರವರೆಗಿನ ಅಂಕಿಯೊಂದು ಸೂಚಿಸುತ್ತದೆ. ಮ್ಯಾಜಿಕ್ ವಾಂಡ್ ಎಂಬ ಉಪಕರಣವು ಮುಟ್ಟಿದ ಬಿಂದುವಿಗೆ ಹತ್ತಿರದ ಅಂಕಿಗಳುಳ್ಳ ನೆರೆಯ ಬಿಂದುಗಳನ್ನೆಲ್ಲ ಆಯ್ದುಕೊಳ್ಳುತ್ತದೆ. ಚಿತ್ರದುರ್ಗದ ಕೋಟೆಯ ಬುರುಜಿನ ಮೇಲೆ ನಿರ್ಮಲವಾದ ಆಕಾಶಕ್ಕೆ ಎದುರಾಗಿ ನಿಂತ ವಿದ್ಯಾರ್ಥಿಯನ್ನು ಇದು ಕ್ಷಣದಲ್ಲಿ ಬಿಡಿಸಿಕೊಡುತ್ತದೆ. ಅದೇ ವಿದ್ಯಾರ್ಥಿಯು ಬೂದುಬಣ್ಣದ ಅಂಗಿಯನ್ನು ತೊಟ್ಟು ಕಲ್ಲಿನ ಗೋಡೆಗೆ ಒರಗಿ ನಿಂತಿದ್ದರೆ ಅಂಗಿಯೂ ಬಂಡೆಯೂ ಒಂದಾಗಿಬಿಡುತ್ತವೆ. ಅಲ್ಲಿ ಪೆನ್ ಉಪಕರಣದಿಂದ ಕೈಯಾರೆ ರೇಖೆಯನ್ನು ಎಳೆಯುವುದೊಂದೇ ದಾರಿ.

ಕೂದಲಿನ ಸಮಸ್ಯೆಯು ಇನ್ನೂ ಸೂಕ್ಷ್ಮವಾದುದು. ಕೂದಲಿನ ಎಳೆಯು ಒಂದು ಪಿಕ್ಸೆಲ್‌ಗಿಂತಲೂ ತೆಳುವಾಗಿರಬಹುದು. ಎಳೆಯ ಅಂಕಿ 20, ಹಿಂದಿನ ಆಕಾಶದ ಅಂಕಿ 220 ಎಂದಿಟ್ಟುಕೊಳ್ಳಬಹುದು. ಪಿಕ್ಸೆಲ್‌ನ ಅರ್ಧ ಭಾಗವನ್ನು ಎಳೆಯು ಆವರಿಸಿದ್ದರೆ ಅಲ್ಲಿ ಕಾಣುವುದು ಎರಡರ ಸರಾಸರಿಯಾದ 120. ಈ ಚಿತ್ರವನ್ನು 40 ಅಂಕಿಯ ಕಪ್ಪು ಹಿನ್ನೆಲೆಯ ಮೇಲೆ ಇಟ್ಟಾಗ ಆ ಸ್ಥಳದಲ್ಲಿ 30 ಇರಬೇಕು. 120 ಹಾಗೆಯೇ ಉಳಿದರೆ ತಲೆಯ ಸುತ್ತ ಬೆಳ್ಳನೆಯ ಗೆರೆಯೊಂದು ಎದ್ದು ತೋರುತ್ತದೆ. ಅನೇಕ ಸ್ಮರಣಚಿತ್ರಗಳಲ್ಲಿ ಕಾಣುವ ಅಸಹಜತೆಗೆ ಇದೇ ಕಾರಣ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಮಂದಿರದಲ್ಲಿ ತೆಗೆದ ನಾಟಕದ ಚಿತ್ರಗಳಲ್ಲಿಯೂ ಇದೇ ಬಗೆಯ ತೊಡಕು ಬರುತ್ತದೆ. ರಂಗದ ಕೆಂಪು, ನೀಲಿ ಬೆಳಕುಗಳು ನಟನ ಕೂದಲಿಗೂ ಹೆಗಲಿಗೂ ಹತ್ತಿಕೊಂಡಿರುವುದರಿಂದ, ಹಿನ್ನೆಲೆಯನ್ನು ತೆಗೆದರೂ ಅದರ ಬಣ್ಣವು ಅಂಚಿನಲ್ಲಿ ಉಳಿಯುತ್ತದೆ.

ಕಾರ್ಯದ ಕ್ರಮ

ಮೊದಲು ಮೂಲಚಿತ್ರದ ಪ್ರತಿಯನ್ನು ಮಾಡಿಕೊಂಡು, ಕೆಲಸವನ್ನು ಪ್ರತಿಯ ಮೇಲೆಯೇ ನಡೆಸಬೇಕು. ಚಿತ್ರವನ್ನು ಇಮ್ಮಡಿಯಾಗಿ ಹಿಗ್ಗಿಸಿ, ಭುಜ, ಕೋಟು, ಕುರ್ಚಿಗಳಂತಹ ಗಟ್ಟಿ ಅಂಚುಗಳಿಗೆ ಪೆನ್ ಉಪಕರಣವನ್ನೂ, ಕೂದಲು, ಗಡ್ಡಗಳಿಗೆ ಮೃದುವಾದ ಕುಂಚವನ್ನೂ ಬಳಸಬೇಕು. ರೇಖೆಯು ಅಂಚಿಗಿಂತ ಒಂದು ಪಿಕ್ಸೆಲ್‌ನಷ್ಟು ಒಳಗಿದ್ದರೆ ಬಿಳಿಯ ಗೆರೆ ಬಹುಮಟ್ಟಿಗೆ ತಪ್ಪುತ್ತದೆ. ಹಿನ್ನೆಲೆಯನ್ನು ಅಳಿಸದೆ, ಮಾಸ್ಕ್ ಎಂಬ ಮುಸುಕಿನಿಂದ ಮರೆಮಾಡುವುದು ಉತ್ತಮ. ಅಳಿಸಿದ್ದು ಮರಳಿ ಬಾರದು. ಮುಸುಕನ್ನಾದರೆ ಯಾವಾಗ ಬೇಕಾದರೂ ಸರಿಸಬಹುದು. ನಿಂತ ವ್ಯಕ್ತಿಯ ಪಾದದ ನೆರಳನ್ನು ಉಳಿಸಿಕೊಳ್ಳದಿದ್ದರೆ ಆತನು ಗಾಳಿಯಲ್ಲಿ ತೇಲಿದಂತೆ ಕಾಣುವನು. ಮುಗಿದ ಚಿತ್ರವನ್ನು ಬಿಳಿಯ ಮತ್ತು ಕಪ್ಪು ಹಿನ್ನೆಲೆಗಳೆರಡರ ಮೇಲೂ ಇಟ್ಟು ಪರೀಕ್ಷಿಸಬೇಕು. ಪಾರದರ್ಶಕತೆಯು ಜೆಪೆಗ್ ಕಡತದಲ್ಲಿ ಉಳಿಯದಾದ್ದರಿಂದ ಪಿಎನ್‌ಜಿ ರೂಪದಲ್ಲಿ ಕಾಪಾಡಬೇಕು. ನಾಲ್ಕು ಅಂಗುಲ ಅಗಲ, ಆರು ಅಂಗುಲ ಎತ್ತರದ ಉತ್ತಮ ಮುದ್ರಣಕ್ಕೆ ಅಂಗುಲಕ್ಕೆ 300ರಂತೆ 1200 ಮತ್ತು 1800 ಪಿಕ್ಸೆಲ್‌ಗಳು ಬೇಕಾಗುತ್ತವೆ.

ಈಚಿನ ತಂತ್ರಾಂಶಗಳು ಒಂದೇ ಒತ್ತಿಗೆ ವ್ಯಕ್ತಿಯನ್ನು ಗುರುತಿಸಿ ಬಿಡಿಸಿಕೊಡುತ್ತವೆ. ಆದರೂ ಕನ್ನಡಕದ ಕಡ್ಡಿ, ಊರುಗೋಲು, ಪೇಟದ ತುದಿ ಇವುಗಳನ್ನು ಅವು ಕಳೆದುಬಿಡುವುದುಂಟು. ಕೊನೆಯ ಪರಿಶೀಲನೆ ಮನುಷ್ಯನ ಕಣ್ಣಿನದೇ ಆಗಿರಬೇಕು.

ಹಿನ್ನೆಲೆಯೂ ಸಾಕ್ಷಿ

ಇಷ್ಟನ್ನು ಕಲಿತವರು ಮತ್ತೊಂದು ಪಾಠವನ್ನೂ ಕಲಿಯಬೇಕಾಗಿದೆ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ವರ್ಷ ಕೋಡಿಯ ಮುಂದೆ ನಿಂತು ಕುಟುಂಬವೊಂದು ತೆಗೆಸಿಕೊಂಡ ಚಿತ್ರದಲ್ಲಿ ಹಿಂದಿನ ನೀರೇ ಕಾಲದ ಗುರುತು. ನೀರನ್ನು ತೆಗೆದರೆ ಮುಖಗಳು ಉಳಿಯುತ್ತವೆ, ಇಸವಿ ಅಳಿಯುತ್ತದೆ. ಹೊಳಲ್ಕೆರೆಯ ಬಯಲು ಗಣಪತಿಯ ಚಿತ್ರದಿಂದ ಹಿಂದಿನ ಬಯಲನ್ನು ತೆಗೆದರೆ ಮೂರ್ತಿಯ ಹೆಸರಿನ ಅರ್ಧವೇ ಹೋದಂತಾಗುತ್ತದೆ.

ಇದಕ್ಕಿಂತ ದೊಡ್ಡ ಅನ್ಯಾಯವೂ ಈ ಕೌಶಲದಿಂದ ನಡೆದಿದೆ. ರಷ್ಯಾದಲ್ಲಿ ಸ್ಟಾಲಿನ್‌ನ ಪಕ್ಕದಲ್ಲಿ ಕಾಲುವೆಯ ದಡದ ಮೇಲೆ ನಿಂತಿದ್ದ ಅಧಿಕಾರಿ ಯೆಜೋವ್‌ನಿಗೆ 1940ರಲ್ಲಿ ಮರಣದಂಡನೆಯಾದ ತರುವಾಯ, ಆ ಚಿತ್ರದಿಂದ ಅವನ ಆಕೃತಿಯನ್ನೇ ತೆಗೆದು ಅಲ್ಲಿ ನೀರನ್ನು ತುಂಬಲಾಯಿತು. ಕತ್ತರಿಯು ಮುಖವನ್ನು ಬಿಡಿಸಬಲ್ಲದು. ಮನುಷ್ಯನಿದ್ದ ಸಂಗತಿಯನ್ನೇ ಮರೆಸಲೂ ಬಲ್ಲದು.

ಆದುದರಿಂದ ಶಾಲೆಯ ಸಂಪುಟಕ್ಕೆ ಮೂರು ನಿಯಮಗಳು ಸಾಕು. ಮೂಲಚಿತ್ರವನ್ನು ಎಂದಿಗೂ ಕತ್ತರಿಸಬಾರದು. ಬಿಡಿಸಿದ ಚಿತ್ರದ ಕೆಳಗೆ ಅದು ಗುಂಪು ಚಿತ್ರದಿಂದ ಆಯ್ದುದೆಂದು ನಮೂದಿಸಬೇಕು. ಗುಂಪಿನಲ್ಲಿರುವ ಉಳಿದವರ ಹೆಸರುಗಳನ್ನೂ, ಸ್ಥಳ ಮತ್ತು ಇಸವಿಯನ್ನೂ, ತಿಳಿದ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ದಾನಿಯ ಹಿಂದೆ ನಿಂತಿದ್ದ ಅಪರಿಚಿತ ಬಾಲಕನು ಮುಂದೆ ಇದೇ ಶಾಲೆಯ ಉಪಾಧ್ಯಾಯನಾದವನಿರಬಹುದು. ಸಂಪುಟದ ಪುಟದಲ್ಲಿ ಒಬ್ಬರ ಮುಖಕ್ಕೆ ಮಾತ್ರ ಸ್ಥಳವಿದ್ದರೂ, ಶಾಲೆಯ ಕಪಾಟಿನಲ್ಲಿ ಆ ಗುಂಪಿನ ಎಲ್ಲರಿಗೂ ಸ್ಥಳವಿರಬೇಕು.