ಬೆಳಕಿನ ಕತ್ತಿ ಮಂಕಾದುದೇಕೆ?

ಕಾಲೇಜಿನ ವಾರ್ಷಿಕೋತ್ಸವಕ್ಕೆ ಮೂರು ದಿನಗಳು ಉಳಿದಿದ್ದಾಗ ನಾಟಕದ ತಂಡದ ಇಬ್ಬರು ವಿದ್ಯಾರ್ಥಿಗಳು ನಮ್ಮ ಪ್ರಯೋಗಶಾಲೆಗೆ ಒಂದು ಕತ್ತಿಯನ್ನು ತಂದರು. 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಲನಚಿತ್ರದಿಂದ ಲೋಕಪ್ರಸಿದ್ಧವಾದ ಬೆಳಕಿನ ಕತ್ತಿಯ ಅನುಕರಣೆ ಅದು. ಹಾಲುಬಣ್ಣದ ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಬೆನ್ನಿಗೆ ಬೆನ್ನು ಅಂಟಿಸಿದ ಎರಡು ನೀಲಿ ಎಲ್‌ಇಡಿ ಪಟ್ಟಿಗಳು. ನಟನ ಸೊಂಟದ ಪೆಟ್ಟಿಗೆಯಲ್ಲಿ ಎಂಟು ಪೆನ್ಸಿಲ್ ಸೆಲ್‌ಗಳು. ಅಲ್ಲಿಂದ ಅಂಗಿಯ ತೋಳಿನೊಳಗೆ ಹಾದು ಹಿಡಿಕೆಗೆ ಬರುವ ತೆಳ್ಳನೆಯ ತಂತಿ. ಕತ್ತಲೆಯ ಕೋಣೆಯಲ್ಲಿ ಅದು ಸೊಗಸಾಗಿಯೇ ಇತ್ತು. ರಂಗದ ದೀಪಗಳನ್ನು ಹೊತ್ತಿಸಿದೊಡನೆ ಮಾತ್ರ ಕತ್ತಿ ಮಾಯವಾಗಿ ಬರಿಯ ಕೊಳವೆ ಉಳಿಯುತ್ತಿತ್ತು.

“ಮೊದಲು ಒಂದೇ ಪಟ್ಟಿ ಇತ್ತು, ಸರ್. ಬೆಳಕು ಸಾಲದೆಂದು ಇನ್ನೊಂದನ್ನು ಅಂಟಿಸಿದೆವು. ಆದರೂ ಹೆಚ್ಚೇನೂ ಆಗಲಿಲ್ಲ. ಸೆಲ್‌ಗಳೇನೋ ಸರಿಯಾಗಿವೆ, ಅಳೆದು ನೋಡಿದ್ದೇವೆ, 12.4 ವೋಲ್ಟು ಇದೆ” ಎಂದರು.

ಅಳೆದದ್ದು ಯಾವಾಗ ಎಂದು ಕೇಳಿದೆವು. ಸ್ವಿಚ್ಚು ಆರಿಸಿದ್ದಾಗ. ಊರಿನ ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಕೊಳಾಯಿಯಲ್ಲಿ ಒತ್ತಡ ಚೆನ್ನಾಗಿಯೇ ಇರುತ್ತದೆ. ಬೆಳಗ್ಗೆ ಎಲ್ಲರೂ ನಲ್ಲಿ ತಿರುಗಿಸಿದಾಗಲೇ ಅದರ ಬಂಡವಾಳ ತಿಳಿಯುವುದು. ಆದ್ದರಿಂದ ಕತ್ತಿಯನ್ನು ಬೆಳಗಿಸಿಯೇ ಅಳೆದೆವು. ಸೆಲ್‌ಗಳ ತುದಿಗಳಲ್ಲಿ 10.7 ವೋಲ್ಟು, ಪಟ್ಟಿಯ ಬುಡದಲ್ಲಿ 10.2, ಕತ್ತಿಯ ಮೊನೆಯಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಅಂದಮೇಲೆ ಪಟ್ಟಿಯದು ತಪ್ಪಲ್ಲ.

12ರ ಬದಲು 10.2 ಆದರೆ ಶೇಕಡ 15ರಷ್ಟು ಮಾತ್ರ ಕೊರತೆಯಾಯಿತಲ್ಲ, ಅಷ್ಟಕ್ಕೇ ಇಷ್ಟು ಮಂಕೇ, ಎಂದು ಓದುಗರು ಕೇಳಬಹುದು. ಪಟ್ಟಿಯ ರಚನೆಯನ್ನು ನೋಡಿದರೆ ಉತ್ತರ ಸಿಕ್ಕುತ್ತದೆ. 12 ವೋಲ್ಟಿನ ಪಟ್ಟಿಯಲ್ಲಿ ಮೂರು ದೀಪಗಳನ್ನೂ ಒಂದು ರೋಧಕವನ್ನೂ ಶ್ರೇಣಿಯಲ್ಲಿ ಜೋಡಿಸಿರುತ್ತಾರೆ. ಇಂತಹ ಗುಂಪುಗಳು ಒಂದಕ್ಕೊಂದು ಸಮಾಂತರವಾಗಿರುತ್ತವೆ. ನೀಲಿ ಎಲ್‌ಇಡಿ ಒಂದೊಂದಕ್ಕೂ ಸುಮಾರು 3 ವೋಲ್ಟು ಬೇಕು. ಮೂರಕ್ಕೆ 9 ವೋಲ್ಟು ಕಳೆದರೆ ಉಳಿಯುವುದು 3 ವೋಲ್ಟು. ನಮ್ಮ ಪಟ್ಟಿಯ ರೋಧಕ 150 ಓಮ್‌ನದು. ಆದುದರಿಂದ ಪ್ರವಾಹ 20 ಮಿಲಿಆಂಪೇರು. ಈಗ 10.2 ವೋಲ್ಟನ್ನು ಕೊಟ್ಟು ನೋಡೋಣ. 9 ವೋಲ್ಟಿನ ಸುಂಕವನ್ನು ದೀಪಗಳು ಹೇಗೂ ಬಿಡುವುದಿಲ್ಲ. ರೋಧಕಕ್ಕೆ ಉಳಿಯುವುದು 1.2 ವೋಲ್ಟು, ಪ್ರವಾಹ ಕೇವಲ 8 ಮಿಲಿಆಂಪೇರು. ವಿಭವಾಂತರ ಶೇಕಡ 15ರಷ್ಟು ಇಳಿದರೆ ಪ್ರವಾಹ ಶೇಕಡ 60ರಷ್ಟು ಇಳಿಯಿತು, ಬೆಳಕೂ ಹೆಚ್ಚುಕಡಮೆ ಅದೇ ಪ್ರಮಾಣದಲ್ಲಿ ಇಳಿಯಿತು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟು ಸಾಕಾದ್ದರಿಂದ ಕೆಂಪು ಕತ್ತಿ ಇದೇ ಸೆಲ್‌ಗಳಲ್ಲಿ ಇಷ್ಟು ಸೊರಗುತ್ತಿರಲಿಲ್ಲ.

ಎರಡನೆಯ ಪಟ್ಟಿ ಏಕೆ ಪ್ರಯೋಜನಕ್ಕೆ ಬರಲಿಲ್ಲವೆಂಬುದೂ ಈಗ ಸ್ಪಷ್ಟ. ಮೀಟರಿಗೆ 60 ದೀಪಗಳಂತೆ 80 ಸೆಂಟಿಮೀಟರಿನ ಒಂದು ಪಟ್ಟಿಯಲ್ಲಿ 48 ದೀಪಗಳು, ಅಂದರೆ 16 ಗುಂಪುಗಳು. ಎರಡು ಪಟ್ಟಿಗಳಲ್ಲಿ 32. ಒಟ್ಟು ಪ್ರವಾಹ 256 ಮಿಲಿಆಂಪೇರು. ದಾರಿಯಲ್ಲಿ ಕಳೆದುಹೋದುದು 2.2 ವೋಲ್ಟು. ಭಾಗಿಸಿದರೆ ದಾರಿಯಲ್ಲಿ ಅಡಗಿರುವ ರೋಧ ಸುಮಾರು 8.5 ಓಮ್. ಒಂದೇ ಪಟ್ಟಿಯಿದ್ದಾಗ ಗುಂಪುಗಳ ರೋಧಕಗಳೆಲ್ಲ ಸಮಾಂತರವಾಗಿ 9.4 ಓಮ್, ಅದಕ್ಕೆ ಈ 8.5 ಸೇರಿಸಿ, 12.4ರಲ್ಲಿ 9 ಕಳೆದುಳಿದ 3.4 ವೋಲ್ಟನ್ನು ಭಾಗಿಸಿದರೆ 190 ಮಿಲಿಆಂಪೇರು ಬರುತ್ತದೆ. ದೀಪಗಳು ಇಮ್ಮಡಿಯಾದರೂ ಬೆಳಕು ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು ಮಾತ್ರ! ಅನ್ನ ಅಷ್ಟೇ ಇದ್ದು ಪಂಕ್ತಿ ಎರಡಾದಂತೆ.

ಆ ರೋಧ ಎಲ್ಲಿದೆಯೆಂದು ಹುಡುಕುವುದು ಸುಲಭ. ದೀಪ ಬೆಳಗುತ್ತಿರುವಾಗ ಸ್ವಿಚ್ಚಿನ ಎರಡು ತುದಿಗಳಿಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಮುಟ್ಟಿಸಿದೆವು. ಒಳ್ಳೆಯ ಸ್ವಿಚ್ಚಾದರೆ ಸೊನ್ನೆಗೆ ಹತ್ತಿರವಿರಬೇಕು, ಇಲ್ಲಿ 0.3 ವೋಲ್ಟು ತೋರಿಸಿತು. ಹಳೆಯ ಆಟಿಕೆಯಿಂದ ಕಿತ್ತ ಸ್ವಿಚ್ಚು ಅದೆಂದು ಆಮೇಲೆ ಒಪ್ಪಿಕೊಂಡರು. ತಂತಿ ಮತ್ತು ಬೆಸುಗೆಗಳಲ್ಲಿ 0.2. ಮಿಕ್ಕ 1.7 ವೋಲ್ಟು ಸೆಲ್‌ಗಳ ಒಳಗೇ ಕಳೆಯುತ್ತಿತ್ತು. ಸತು-ಇಂಗಾಲದ ಅಗ್ಗದ ಸೆಲ್‌ಗಳು ಬಳಕೆಯಾದಷ್ಟೂ ಅವುಗಳ ಆಂತರಿಕ ರೋಧ ಏರುತ್ತದೆ. ಗಡಿಯಾರಕ್ಕೆ ಅದು ಗೊತ್ತೇ ಆಗುವುದಿಲ್ಲ, ಕತ್ತಿಗೆ ಗೊತ್ತಾಗುತ್ತದೆ.

ಇಷ್ಟರಲ್ಲಿ ಒಬ್ಬನು, ಪಟ್ಟಿಯ ರೋಧಕಗಳನ್ನೇ ತೆಗೆದುಬಿಟ್ಟರೆ ಹೇಗೆ ಎಂದನು. ಬುದ್ಧಿವಂತಿಕೆಯ ಪ್ರಶ್ನೆಯೇ ಸರಿ, ಆದರೆ ಅಪಾಯದ್ದು. ಎಲ್‌ಇಡಿಯಲ್ಲಿ ವಿಭವಾಂತರ ಸ್ವಲ್ಪವೇ ಏರಿದರೂ ಪ್ರವಾಹ ಬಹಳ ಏರುತ್ತದೆ. ಬಿಸಿಯಾದರೆ ಅದಕ್ಕೆ ಬೇಕಾದ ವೋಲ್ಟು ಇಳಿಯುತ್ತದೆ, ಪ್ರವಾಹ ಇನ್ನೂ ಏರುತ್ತದೆ, ಬಿಸಿ ಮತ್ತೂ ಹೆಚ್ಚುತ್ತದೆ. ಕಡೆಗೆ ದೀಪ ಸುಡುತ್ತದೆ. ಲಗಾಮು ಹಿಡಿದಿರುವುದೇ ಆ ಪುಟ್ಟ ರೋಧಕ.

ಪುನಃ ಪುನಃ ತುಂಬಬಹುದಾದ ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳನ್ನು, ಒಂದೊಂದು 1.2 ವೋಲ್ಟಿನವು, ಹತ್ತು ಜೋಡಿಸಿದೆವು. ಸ್ವಿಚ್ಚನ್ನು ಬದಲಿಸಿ ದಪ್ಪ ತಂತಿ ಎಳೆದೆವು. ಪಟ್ಟಿಯ ಬುಡದಲ್ಲಿ 12 ವೋಲ್ಟು, ಪ್ರವಾಹ 640 ಮಿಲಿಆಂಪೇರು. ಬೆಳಕು ಎರಡೂವರೆ ಪಟ್ಟಾಯಿತು. ಮೂರು ಲಿಥಿಯಮ್ ಸೆಲ್‌ಗಳೂ ಈ ಕೆಲಸವನ್ನು ಮಾಡಬಲ್ಲವು. ಆದರೆ ಕತ್ತಿಯೆಂದರೆ ಇನ್ನೊಂದು ಕತ್ತಿಗೆ ಬಡಿಯುವ ವಸ್ತು. ತಂತಿ ಜಜ್ಜಿ ಎರಡು ತುದಿಗಳು ಕೂಡಿದರೆ ಅಂತಹ ಸೆಲ್‌ಗಳು ಬೆಂಕಿ ಹತ್ತುವಷ್ಟು ಪ್ರವಾಹವನ್ನು ಹರಿಸುತ್ತವೆ. ರಕ್ಷಣಾ ಮಂಡಲವಿಲ್ಲದೆ, ಸೆಲ್‌ಗಳ ಪಕ್ಕದಲ್ಲಿಯೇ ಫ್ಯೂಸ್ ಇಲ್ಲದೆ ಅವುಗಳನ್ನು ನಟನ ಸೊಂಟಕ್ಕೆ ಕಟ್ಟಲು ನಾವು ಒಪ್ಪಲಿಲ್ಲ.

ಬಣ್ಣಬಣ್ಣವಾಗಿ ಹೊಳೆಯುವ 5 ವೋಲ್ಟಿನ ಪಟ್ಟಿಗಳಲ್ಲಿ ರೋಗ ಬೇರೆ. ಅಲ್ಲಿ ಪ್ರವಾಹ ಹಲವು ಆಂಪೇರುಗಳಾಗಬಹುದು. ಪಟ್ಟಿಯ ತೆಳ್ಳನೆಯ ತಾಮ್ರವೇ ವೋಲ್ಟನ್ನು ನುಂಗುತ್ತದೆ. ಬಿಳಿಯ ಕತ್ತಿಯ ಮೊನೆ ಕೆಂಪಗಾಗಿ ಕಂಡರೆ, ನೀಲಿ ಮತ್ತು ಹಸಿರು ದೀಪಗಳಿಗೆ ಅಲ್ಲಿ ವೋಲ್ಟು ಸಾಲದೆ ಹೋಗಿದೆಯೆಂದು ತಿಳಿಯಬೇಕು. ಮೊನೆಗೂ ಪ್ರತ್ಯೇಕ ತಂತಿ ಎಳೆದರೆ ಸರಿಹೋಗುತ್ತದೆ.

ಇನ್ನು ನಮ್ಮ ಕಣ್ಣಿನ ಪಕ್ಷಪಾತವೊಂದಿದೆ. ಹಗಲ ಬೆಳಕಿಗೆ ಒಗ್ಗಿದ ಕಣ್ಣಿಗೆ 555 ನ್ಯಾನೊಮೀಟರಿನ ಹಸಿರು ಎಲ್ಲಕ್ಕಿಂತ ಪ್ರಖರ. 470 ನ್ಯಾನೊಮೀಟರಿನ ನೀಲಿಯು ಅಷ್ಟೇ ಶಕ್ತಿಯಿದ್ದರೂ ಅದರ ಹತ್ತನೆಯ ಒಂದು ಪಾಲಿನಷ್ಟೇ ಪ್ರಖರವಾಗಿ ಕಾಣುತ್ತದೆ. ಹಸಿರು ಪಟ್ಟಿ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆಂದು ಸೂಚಿಸಿದೆವು. ನಾಯಕನ ಕತ್ತಿ ನೀಲಿಯೇ ಆಗಿರಬೇಕೆಂದು ಇಬ್ಬರೂ ಪಟ್ಟು ಹಿಡಿದರು. ಕಡೆಗೆ ರಂಗದ ದೀಪಗಳಲ್ಲಿ ಎರಡನ್ನು ಆರಿಸಲು ನಾಟಕದ ನಿರ್ದೇಶಕರನ್ನೇ ಒಪ್ಪಿಸಬೇಕಾಯಿತು.