ದೂರದ ಓಟ ಮತ್ತು ದೇಹದ ಇಂಧನ

ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್ ಪಂದ್ಯವು ಲೋಕಪ್ರಸಿದ್ಧವಾದುದು. ೧೯೨೪ರಲ್ಲಿ ಪಂದ್ಯ ಮುಗಿದೊಡನೆ ಅಲ್ಲಿನ ವೈದ್ಯರು ಗುರಿ ಮುಟ್ಟಿದ ಕೆಲವು ಓಟಗಾರರ ರಕ್ತವನ್ನು ಪರೀಕ್ಷಿಸಿದರು. ಹಲವರ ರಕ್ತದಲ್ಲಿ ಸಕ್ಕರೆಯ ಅಂಶವು ಇರಬೇಕಾದುದಕ್ಕಿಂತ ಬಹಳ ಕಡಿಮೆಯಾಗಿತ್ತು. ಅಂಥವರ ಮುಖ ಬಿಳಿಚಿಕೊಂಡಿತ್ತು, ಮೈ ನಿಶ್ಶಕ್ತವಾಗಿತ್ತು, ಬುದ್ಧಿಯೂ ಮಂಕಾಗಿತ್ತು. ದೃಢಕಾಯರಾದ ಇವರ ಶಕ್ತಿಯೆಲ್ಲ ಎಲ್ಲಿ ಹೋಯಿತು? ಇದನ್ನು ತಿಳಿಯಬೇಕಾದರೆ, ಓಡುವ ದೇಹಕ್ಕೆ ಶಕ್ತಿಯು ಎಲ್ಲಿಂದ ಬರುತ್ತದೆಂಬುದನ್ನು ಮೊದಲು ವಿಚಾರಿಸಬೇಕು.

ಸ್ನಾಯುವು ಸಂಕೋಚಗೊಳ್ಳಲು ನೇರವಾಗಿ ಬಳಸುವ ವಸ್ತುವಿಗೆ ಅಡೆನೊಸಿನ್ ಟ್ರೈಫಾಸ್ಫೇಟ್, ಸಂಕ್ಷೇಪವಾಗಿ ಎ.ಟಿ.ಪಿ., ಎಂದು ಹೆಸರು. ಇದರ ಅಣುವಿನಿಂದ ಒಂದು ಫಾಸ್ಫೇಟ್ ಭಾಗವು ಕಳಚಿದಾಗ ಹೊರಬೀಳುವ ಶಕ್ತಿಯೇ ಸ್ನಾಯುವನ್ನು ದುಡಿಸುತ್ತದೆ. ಆದರೆ ಇದರ ಸಂಗ್ರಹವು ಕೆಲವೇ ಸೆಕೆಂಡುಗಳ ಬಿರುಸಿನ ಓಟಕ್ಕೆ ಸಾಲುವಷ್ಟು ಮಾತ್ರ. ಆದುದರಿಂದ ಒಡೆದ ಅಣುಗಳನ್ನು ದೇಹವು ಎಡೆಬಿಡದೆ ಮತ್ತೆ ಕಟ್ಟುತ್ತಿರಬೇಕು. ನೂರು ಮೀಟರ್ ಓಟದಲ್ಲಿ ಈ ಕೆಲಸವು ಬಹುಮಟ್ಟಿಗೆ ಆಮ್ಲಜನಕದ ನೆರವಿಲ್ಲದೆಯೇ ನಡೆದೀತು. ದೂರದ ಓಟದಲ್ಲಿ ಹಾಗಲ್ಲ. ಅಲ್ಲಿ ಶ್ವಾಸಕೋಶಗಳು ಒದಗಿಸುವ ಆಮ್ಲಜನಕದಿಂದ ಇಂಧನವು ಜೀವಕೋಶಗಳಲ್ಲಿ ನಿಧಾನವಾಗಿ ದಹನವಾಗಬೇಕು.

ಈ ಇಂಧನವು ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದು ಗ್ಲೈಕೊಜನ್. ನಾವು ಉಣ್ಣುವ ಅನ್ನ, ರಾಗಿ, ಬೆಲ್ಲಗಳಲ್ಲಿನ ಪಿಷ್ಟ ಮತ್ತು ಸಕ್ಕರೆಗಳು ಈ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗುತ್ತವೆ. ಎರಡನೆಯದು ಮೇದಸ್ಸು, ಅಂದರೆ ಕೊಬ್ಬು.

ಈಗ ಸ್ವಲ್ಪ ಲೆಕ್ಕ ಹಾಕೋಣ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಕಾಯಿಸಲು ಬೇಕಾಗುವ ಉಷ್ಣವೇ ಆಹಾರಶಾಸ್ತ್ರದ ಕ್ಯಾಲೊರಿ. ಒಂದು ಕಿಲೋಮೀಟರ್ ಓಡಲು, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೂ ಸುಮಾರು ಒಂದು ಕ್ಯಾಲೊರಿ ವೆಚ್ಚವಾಗುತ್ತದೆ. ೬೦ ಕಿಲೋಗ್ರಾಂ ತೂಕದವನು ಮ್ಯಾರಥಾನಿನ ೪೨ ಕಿಲೋಮೀಟರುಗಳನ್ನು ಕ್ರಮಿಸಲು ಸುಮಾರು ೨,೫೦೦ ಕ್ಯಾಲೊರಿ ಬೇಕು. ಅವನಲ್ಲಿರುವ ಗ್ಲೈಕೊಜನ್ ಸುಮಾರು ೫೦೦ ಗ್ರಾಂ. ಗ್ರಾಮಿಗೆ ನಾಲ್ಕರಂತೆ ೨,೦೦೦ ಕ್ಯಾಲೊರಿ. ಅದರಲ್ಲಿಯೂ ತೋಳುಗಳ ಸ್ನಾಯುಗಳಲ್ಲಿರುವುದು ಕಾಲುಗಳಿಗೆ ಅಷ್ಟಾಗಿ ಒದಗದು. ಮೇದಸ್ಸಾದರೋ ಆರು ಕಿಲೋಗ್ರಾಂ ಮಾತ್ರವೇ ಇದ್ದರೂ, ಗ್ರಾಮಿಗೆ ಒಂಬತ್ತರಂತೆ ೫೪,೦೦೦ ಕ್ಯಾಲೊರಿಗಳಾಯಿತು. ಇಪ್ಪತ್ತು ಮ್ಯಾರಥಾನುಗಳಿಗೂ ಇದು ಸಾಕು!

ಹಾಗಿದ್ದರೆ ಓಟಗಾರನು ಬಳಲುವುದೇಕೆ? ಮೇದಸ್ಸಿನ ಭಂಡಾರವು ದೊಡ್ಡದು, ಆದರೆ ಅದರ ಬಾಗಿಲು ಕಿರಿದು. ಅದು ಸ್ನಾಯುವನ್ನು ತಲುಪಿ ದಹನವಾಗುವುದು ನಿಧಾನ. ಅಷ್ಟೇ ಶಕ್ತಿಗೆ ಅದು ಬೇಡುವ ಆಮ್ಲಜನಕವೂ ಸ್ವಲ್ಪ ಹೆಚ್ಚು. ಮೆಲ್ಲನೆ ನಡೆಯುವವನಿಗೆ ಅದು ಸಾಕಾದೀತು. ವೇಗ ಹೆಚ್ಚಿದಷ್ಟೂ ದೇಹವು ಗ್ಲೈಕೊಜನ್ನನ್ನೇ ಹೆಚ್ಚಾಗಿ ನೆಚ್ಚುತ್ತದೆ. ಇನ್ನೊಂದು ತೊಡಕೂ ಉಂಟು. ಮಿದುಳು ರಕ್ತದ ಸಕ್ಕರೆಯನ್ನು ಆಶ್ರಯಿಸಿದೆ. ಸ್ನಾಯುವು ತನ್ನ ಗ್ಲೈಕೊಜನ್ನನ್ನು ಸಕ್ಕರೆಯಾಗಿ ರಕ್ತಕ್ಕೆ ಬಿಟ್ಟುಕೊಡಲಾರದು. ಆ ಹೊಣೆ ಮುಖ್ಯವಾಗಿ ಯಕೃತ್ತಿನದು. ಯಕೃತ್ತಿನ ಸಂಗ್ರಹವು ಬರಿದಾದಾಗ ಕಾಲುಗಳ ಜೊತೆಗೆ ತಲೆಯೂ ಸೋಲುತ್ತದೆ. ಬಾಸ್ಟನ್ನಿನಲ್ಲಿ ವೈದ್ಯರು ಕಂಡ ಸ್ಥಿತಿ ಇಂಥದು.

ಅವರು ಅಲ್ಲಿಗೇ ನಿಲ್ಲಲಿಲ್ಲ. ೧೯೨೫ರ ಪಂದ್ಯಕ್ಕೆ ಮುಂಚೆ ಓಟಗಾರರು ಪಿಷ್ಟಾಹಾರವನ್ನು ಹೆಚ್ಚಾಗಿ ಸೇವಿಸುವಂತೆಯೂ, ಓಡುವಾಗ ಸಿಹಿ ತಿನ್ನುವಂತೆಯೂ ಏರ್ಪಡಿಸಿದರು. ಈ ಸಲ ಅವರ ರಕ್ತದ ಸಕ್ಕರೆ ಕುಸಿಯಲಿಲ್ಲ. ಅವರ ಸ್ಥಿತಿಯೂ ಉತ್ತಮವಾಗಿತ್ತು. ಸ್ನಾಯುವಿನೊಳಗಿನ ಸಂಗತಿಯನ್ನು ತೋರಿಸಿಕೊಟ್ಟವರು ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್. ಇವರಿಬ್ಬರೂ ಒಂದೇ ಸೈಕಲ್ ಯಂತ್ರದ ಎರಡು ಪಕ್ಕಗಳಲ್ಲಿ ಕುಳಿತು, ತಲಾ ಒಂದೊಂದು ಕಾಲಿನಿಂದ ದಣಿಯುವವರೆಗೂ ತುಳಿದರು. ಬಳಿಕ ಮೂರು ದಿನ ಪಿಷ್ಟಾಹಾರವನ್ನು ಉಂಡರು. ಸೂಜಿಯಿಂದ ಸ್ನಾಯುವಿನ ಚೂರುಗಳನ್ನು ತೆಗೆದು ನೋಡಿದಾಗ, ದುಡಿದ ಕಾಲಿನಲ್ಲಿ ಗ್ಲೈಕೊಜನ್ ಮೊದಲು ಬರಿದಾಗಿ, ಆಮೇಲೆ ವಿಶ್ರಾಂತವಾಗಿದ್ದ ಕಾಲಿಗಿಂತ ಸುಮಾರು ಇಮ್ಮಡಿಯಾಗಿ ತುಂಬಿಕೊಂಡಿತ್ತು. ಈ ಪ್ರಯೋಗದ ವರದಿಯು ೧೯೬೬ರಲ್ಲಿ ಪ್ರಕಟವಾಯಿತು.

ವೆಚ್ಚವಾದ ಶಕ್ತಿಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ ಸ್ನಾಯುವಿನ ಕೆಲಸಕ್ಕೆ ಸಲ್ಲುತ್ತದೆ, ಉಳಿದುದು ಉಷ್ಣವಾಗುತ್ತದೆ. ಅದನ್ನು ಹೊರಹಾಕುವುದು ಮುಖ್ಯವಾಗಿ ಬೆವರಿನ ಕೆಲಸ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು ೫೮೦ ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ಆದುದರಿಂದ ನೀರಿನ ಕೊರತೆಯೂ ಓಟಗಾರನಿಗೆ ಅಪಾಯಕರ. ಆದರೆ ಮಿತಿಮೀರಿ ನೀರು ಕುಡಿದರೆ ರಕ್ತದ ಲವಣಾಂಶವು ತೆಳುವಾಗಿ ಪ್ರಾಣಕ್ಕೇ ಕುತ್ತು ಬರಬಹುದು.

ಕ್ರಮವಾದ ಅಭ್ಯಾಸದಿಂದ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳೂ ದಹನಕ್ಕೆ ನೆರವಾಗುವ ಕಿಣ್ವಗಳೂ ಹೆಚ್ಚುತ್ತವೆ. ಅದೇ ವೇಗದಲ್ಲಿ ಮೇದಸ್ಸನ್ನು ಹೆಚ್ಚಾಗಿ ಬಳಸಿ ಗ್ಲೈಕೊಜನ್ನನ್ನು ಉಳಿಸುವ ಶಕ್ತಿ ಬರುತ್ತದೆ. ಕಿರಿದಾದ ಬಾಗಿಲು ಸ್ವಲ್ಪ ಅಗಲವಾಗುತ್ತದೆಯೆನ್ನಬಹುದು. ಹಸಿದ ಹೊಟ್ಟೆಯಲ್ಲಿ ದೂರದ ಪಂದ್ಯಕ್ಕೆ ಇಳಿಯುವ, ಆರಂಭದಲ್ಲಿಯೇ ಎಲ್ಲರಿಗಿಂತ ಮುಂದೆ ಧಾವಿಸುವ ವಿದ್ಯಾರ್ಥಿಯು ಸಣ್ಣ ಭಂಡಾರವನ್ನೇ ಮೊದಲು ಸೂರೆಮಾಡುತ್ತಾನೆ. ಹಿಂದಿನ ದಿನದ ಊಟವೂ ಮೊದಲ ಮೈಲಿಯ ಸಂಯಮವೂ ಕೊನೆಯ ಮೈಲಿಯ ಬಲವೆಂಬುದನ್ನು ಅವನು ನೆನಪಿನಲ್ಲಿಡಬೇಕು.